ಕೊಟ್ಟಿಗೆ ಪಕ್ಕದ ನಿಂಬೆಗಿಡಕ್ಕೆ ಹೇನು ಬಿದ್ದರೆ

ಹಿತ್ತಿಲ ನಿಂಬೆ, ದಾಳಿಂಬೆ ಗಿಡಗಳ ಚಿಗುರು ಮುದುರಿ ಎಲೆ ಅಂಟಂಟಾಗಿದ್ದರೆ ಅದು ಸಾಮಾನ್ಯವಾಗಿ ಸಸ್ಯಹೇನಿನ ಕೆಲಸ. ಕೂಡಲೇ ಡೈಮಿಥೊಯೇಟ್‌ನಂತಹ ಔಷಧಿ ಹೊಡೆಯಬೇಡಿ. ಬುಡದ ಹುಲ್ಲಿಗೆ ತೊಟ್ಟಿಕ್ಕಿದ ವಿಷ ಹಸುವಿನ ಹೊಟ್ಟೆ ಸೇರುತ್ತದೆ, ಹಾಲಿಗೂ ಬರಬಹುದು.

ಮೊದಲು ನೀರನ್ನು ರಭಸವಾಗಿ ಚಿಮ್ಮಿಸಿ ಹೇನು ಉದುರಿಸಿ. ಜಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಕದಡಿ, ಸಂಜೆ ಹೊತ್ತು ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ. ಸಿಹಿ ಅಂಟಿನಾಸೆಗೆ ಇರುವೆಗಳು ಹೇನನ್ನು ಕಾಯುತ್ತವೆ, ನಾವು ಹಸು ಸಾಕಿದಂತೆಯೇ! ಇರುವೆ ಹತ್ತದಂತೆ ನೋಡಿಕೊಂಡರೆ ಗುಲಗಂಜಿ ಹುಳುಗಳು ಹೇನು ತಿನ್ನಲು ಅನುಕೂಲ.

ಈಗಾಗಲೇ ವಿಷ ಹೊಡೆದಿದ್ದರೆ ಆ ಹುಲ್ಲು ಕೊಯ್ಯಬೇಡಿ. ಹಸು ಜೊಲ್ಲು ಸುರಿಸಿ, ನಡುಗಿ, ಏದುಸಿರು ಬಿಟ್ಟರೆ ತಕ್ಷಣ ಪಶುವೈದ್ಯರನ್ನು ಕರೆಸಿ, ಔಷಧಿಯ ಡಬ್ಬಿ ತೋರಿಸಿ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಇದೆ; ಬೇಗ ಕೊಟ್ಟಷ್ಟೂ ಫಲ.