ಪ್ರೀತಿಗೆ ಅಡ್ಡಿ ಬರೋದು ಯಾರು? ಹಗುರ ಕಾದಂಬರಿಗಳು ಹೇಳದ ಮಾತು

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ರೈಲಿಲ್ಲ, ಬಸ್ಸೇ ಗತಿ. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದವರು, ಕಾಲೇಜು ಬಿಟ್ಟವರು ಸೀಟು ಸಿಕ್ಕ ಕೂಡಲೇ ಮೊಬೈಲ್ ತೆಗೀತಾರೆ. ಕೆಲವರದ್ದರಲ್ಲಿ ರೀಲ್ಸ್, ಕೆಲವರದ್ದರಲ್ಲಿ ಧಾರಾವಾಹಿ ಕಾದಂಬರಿ. ಸಿಡುಕು ಬಾಸ್, ಬಾಯಿ ಜೋರಿನ ಹುಡುಗಿ, ಮೊದಲ ಕಂತಲ್ಲೇ ಜಗಳ, 40ನೇ ಕಂತಿಗೆ ಮದುವೆ. ನಾನೂ ಓದ್ತೀನಿ. ಮುಗಿಸಿದಾಗ ಖುಷಿಯಾಗುತ್ತೆ, ಜೊತೆಗೆ ಏನೋ ಕಿರಿಕಿರಿಯೂ ಉಳಿಯುತ್ತೆ. ಅದು ಯಾಕೆ?

ಮೊದಲು ಖುಷಿಯ ಮಾತು. ಇಂಥ ಓದನ್ನು ಹಗುರವಾಗಿ ಕಾಣುವ ಚಟ ನಮ್ಮಲ್ಲಿ ಹಳೆಯದು. ಹೆಂಗಸರು ಬರೆದದ್ದನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದವರಿದ್ದರು. ಆದರೆ ಮನಶ್ಶಾಸ್ತ್ರ ಓದಿದ್ದ ಮೈಸೂರಿನ ತ್ರಿವೇಣಿ, 1963ರಲ್ಲಿ ತೀರಿಕೊಳ್ಳುವ ಮೊದಲು, ಇನ್ನೂ 35 ತುಂಬದ ವಯಸ್ಸಿಗೇ 'ಶರಪಂಜರ'ದಲ್ಲಿ ಮಾನಸಿಕ ಕಾಯಿಲೆಯನ್ನೂ 'ಹಣ್ಣೆಲೆ ಚಿಗುರಿದಾಗ'ದಲ್ಲಿ ವಿಧವೆಯ ಮರುಮದುವೆಯನ್ನೂ ಮನೆಮನೆಯ ಚರ್ಚೆಯಾಗಿಸಿದ್ದರು. ವಾಣಿ, ಸಾಯಿಸುತೆ ಮೊದಲಾದವರು ವಾರಪತ್ರಿಕೆ, ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮೂಲಕ ಓದುಗರನ್ನು ಬೆಳೆಸಿದರು. 2014ರಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳು ಅದೇ ಓದನ್ನು ಅಂಗೈಗೆ ತಂದವು. ದಿನವಿಡೀ ದುಡಿದವಳಿಗೆ ಹದಿನೈದು ನಿಮಿಷದ ನಗು ಕೊಡುವುದು ಸಣ್ಣ ಕೆಲಸ ಅಲ್ಲ.

ಇನ್ನು ಕಿರಿಕಿರಿ. ಪ್ರೇಮಕಥೆ ನಡೆಯಬೇಕಾದರೆ ಒಂದು ಅಡ್ಡಿ ಬೇಕು. ಹಗುರ ಕಾದಂಬರಿಯಲ್ಲಿ ಆ ಅಡ್ಡಿ ಸಾಮಾನ್ಯವಾಗಿ ತಪ್ಪು ತಿಳಿವಳಿಕೆ, ಹಮ್ಮು, ಇಲ್ಲಾ ಹಳೇ ಪ್ರೇಯಸಿ. ಒಂದು ಸಲ ಮನಸ್ಸು ಬಿಚ್ಚಿ ಮಾತಾಡಿದರೆ ಮುಗೀತು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ 'ಘರ್ಷಣೆ ಇಲ್ಲವೆಂದು ಭಾವಿಸಿ' ಅಂತ ಲೆಕ್ಕ ಕೊಡ್ತಿದ್ದರು. ಉತ್ತರ ಸಲೀಸಾಗಿ ಬರ್ತಿತ್ತು, ಆದರೆ ಹಾಗೆ ಓಡುವ ಯಂತ್ರ ಮಾತ್ರ ಎಲ್ಲೂ ಇರಲಿಲ್ಲ. ಈ ಕಥೆಗಳಲ್ಲಿ ಹಾಗೆ ಬಿಟ್ಟುಹೋಗುವ ಘರ್ಷಣೆಯ ಹೆಸರು ಜಾತಿ. ಹೆಸರೆತ್ತದಿದ್ದರೂ ಊಟ, ಪೂಜೆ, ಮನೆಮಾತು ನೋಡಿದರೆ ಇಬ್ಬರೂ 'ನಮ್ಮವರೇ' ಅಂತ ಗೊತ್ತಾಗಿಬಿಡುತ್ತೆ.

ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ, ಇದೇ ಸೀಮೆಯ ಆಡುಮಾತಿನಲ್ಲಿ, 1984ರಲ್ಲಿ 'ಕುಸುಮಬಾಲೆ' ಕೊಟ್ಟರು. ಮೇಲ್ಜಾತಿಯ ಕುಸುಮ, ದಲಿತ ಚನ್ನ, ಅವರಿಗೊಂದು ಮಗು. ಚನ್ನನ ಕೊಲೆಯಾಗುತ್ತದೆ. ಇಲ್ಲಿ ಅಡ್ಡಿ ಇರುವುದು ಪ್ರೇಮಿಗಳ ಮನಸ್ಸಿನಲ್ಲಲ್ಲ, ಊರಿನಲ್ಲಿ. ಎಷ್ಟು ಮನಸ್ಸು ಬಿಚ್ಚಿ ಮಾತಾಡಿದರೂ ಅದು ಕರಗೋದಿಲ್ಲ.

ಕಾಲ ಬದಲಾಗಿದೆ ಅಂತೀರಾ? 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆಗಳು ಸುಮಾರು ಶೇ. 5 ಮಾತ್ರ. ವಯಸ್ಕರಿಬ್ಬರು ಒಪ್ಪಿದರೆ ಸಾಕು, ಕುಟುಂಬದ ಅಥವಾ ಸಮುದಾಯದ ಅನುಮತಿ ಬೇಕಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರ ನೋಟಿಸ್ ಕಚೇರಿಯ ಗೋಡೆ ಮೇಲೆ ಬೀಳುತ್ತೆ, ಆಕ್ಷೇಪಣೆಗೆ 30 ದಿನ. ಯಾರು ಬೇಕಾದರೂ ಓದಬಹುದು. ಮನೆಯವರಿಗೆ ತಿಳಿಯಬಾರದು ಅಂತ ಬಂದವರಿಗೆ ಆ 30 ದಿನ ಹೇಗಿರಬಹುದು, ಯೋಚಿಸಿ.

ಹಾಗಂತ ಎಲ್ಲರೂ 'ಕುಸುಮಬಾಲೆ'ಯನ್ನೇ ಬರೆಯಲಿ ಅಂತ ನಾನು ಹೇಳ್ತಿಲ್ಲ. ನಗು ತಪ್ಪೂ ಅಲ್ಲ. 'ಕುಸುಮಬಾಲೆ'ಯಲ್ಲೇ ರಾತ್ರಿ ಹೊತ್ತು ದೀಪದ ಜೋತಮ್ಮಗಳು ಸೇರಿ ಮನೆಮನೆಯ ಸುದ್ದಿ ಆಡ್ಕೋತವೆ. ಅಷ್ಟು ಘೋರ ಕಥೆಗೇ ನಗು ಒಗ್ಗುವುದಾದರೆ, ನಗುವಿನ ಕಥೆಗೆ ಒಂಚೂರು ಊರು ಯಾಕೆ ಒಗ್ಗಬಾರದು?

ನಾಯಕ, ನಾಯಕಿ ಆ 30 ದಿನ ಕಳೆಯಲಿ. ನೋಟಿಸ್ ಬೋರ್ಡ್ ಮುಂದೆ ಸೋದರಮಾವ ಕನ್ನಡಕ ಹುಡುಕುತ್ತಾ ನಿಲ್ಲಲಿ. ಕೊನೆಗೆ ಮದುವೆಯೂ ಆಗಲಿ. ಸುಖಾಂತ್ಯವೇ ಬೇಕು ನನಗೂ. ಆದರೆ ಇಂಥದ್ದನ್ನು ದಾಟಿ ಬಂದ ಸುಖಾಂತ್ಯವನ್ನು, ಪಕ್ಕದ ಸೀಟಲ್ಲಿ ಕೂತು ನಿಜವಾಗಿಯೂ ಯಾರನ್ನೋ ಪ್ರೀತಿಸ್ತಿರುವ ಹುಡುಗಿ ನಂಬಬಹುದು.