ಸರಕಿಗೆ ಊರಿನ ಹೆಸರು: ಬಳ್ಳಾರಿ ಸೀಮೆಯ ಉದ್ಯಮ ಮತ್ತು ಪರಂಪರೆ

ಸ್ಥಳೀಯ ಉದ್ಯಮಗಳನ್ನು ಪೋಷಿಸುವುದು ಒಂದು ಕಾರ್ಯ, ಪ್ರಾಚೀನ ಅವಶೇಷಗಳನ್ನು ರಕ್ಷಿಸುವುದು ಮತ್ತೊಂದು ಕಾರ್ಯ ಎಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳ ಇತಿಹಾಸವನ್ನು ಅವಲೋಕಿಸಿದರೆ ಈ ವಿಭಜನೆ ಅಷ್ಟು ಸಮಂಜಸವಾಗಿ ತೋರುವುದಿಲ್ಲ. ಇಲ್ಲಿ ಸರಕಿಗೂ ಪರಂಪರೆಗೂ ಒದಗಿರುವ ಕೊರತೆ ಒಂದೇ: ಎರಡಕ್ಕೂ ಹೊರಗಿನವರಲ್ಲಿ ತಮ್ಮ ಊರಿನ ಹೆಸರಿಲ್ಲ. ಇದನ್ನು ಕೆಲವು ನಿದರ್ಶನಗಳಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದಲ್ಲಿ ಈ ನೆಲೆಯನ್ನು ವಿದ್ವಾಂಸರಿಗೆ ಪರಿಚಯಿಸಿದರು, ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿದರು. ಹಿರೇಗುಡ್ಡದ ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಮಾಡಿದ ಕೊಡಲಿಗಳ ಪ್ರಮಾಣವನ್ನು ನೋಡಿದರೆ ಅವು ಕೇವಲ ಆ ಊರಿನ ಬಳಕೆಗೆ ಆದುವಲ್ಲ, ವಿನಿಮಯಕ್ಕೂ ಆದುವೆಂದು ತಿಳಿಯುವುದು. ಬಳ್ಳಾರಿ ಸೀಮೆಯ ಮೊದಲ ಕೈಗಾರಿಕೆ ಇದೆಂದರೆ ತಪ್ಪಾಗಲಾರದು. ಅದೇ ಬೆಟ್ಟಗಳ ಕಲ್ಲು ನಮ್ಮ ಕಾಲದಲ್ಲಿ ಜಲ್ಲಿಯಾಗಿ ಹೋಗಿ, ನೆಲೆಯ ಕೆಲವು ಭಾಗಗಳು ಅಳಿದಿರುವುದು ಶೋಚನೀಯ. ಉಳಿದುದರ ಪರಿಚಯಕ್ಕಾಗಿ ನಗರದಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವಿರುವುದು ಸಮಾಧಾನದ ಸಂಗತಿ.

ಮಧ್ಯಯುಗದಲ್ಲಿ ವಾಣಿಜ್ಯ ಮತ್ತು ಧರ್ಮಗಳು ಒಂದನ್ನೊಂದು ಆಶ್ರಯಿಸಿದ್ದುವು. ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರಿಗೆ ಕುರುಗೋಡು ರಾಜಧಾನಿಯಾಗಿದ್ದಿತು. ಆ ಕಾಲದ ಕನ್ನಡ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರೇ ಮೊದಲಾದ ವರ್ತಕ ಸಂಘಗಳು, ಸಂತೆಗೆ ಬರುವ ಹೇರುಗಳ ಮೇಲೆ ಇಷ್ಟಿಷ್ಟು ಆಯವನ್ನು ದೇವಾಲಯಕ್ಕೆ ಬಿಟ್ಟುಕೊಟ್ಟುದು ಪದೇ ಪದೇ ಕಂಡುಬರುವುದು. ವ್ಯಾಪಾರ ಬೆಳೆದರೆ ದೇವಾಲಯಕ್ಕೆ ಆದಾಯ. ದೇವಾಲಯದ ಜಾತ್ರೆ ಬೆಳೆದರೆ ವ್ಯಾಪಾರಕ್ಕೆ ಗಿರಾಕಿ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಇಂದಿಗೂ ಅಂಗಡಿಗಳ ಸಾಲು ಕೂಡುವುದರಲ್ಲಿ ಆ ಹಳೆಯ ಸಂಬಂಧವನ್ನು ಕಾಣಬಹುದು.

ಇನ್ನು ಬಳ್ಳಾರಿ ನಗರದ ವಿಷಯ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡುಪ್ರದೇಶ ಬೆಳೆಯಿತು. ಸೈನಿಕರಿಗೆ ಬಟ್ಟೆ ಹೊಲಿಯಲು ಬಂದ ದರ್ಜಿ ಕುಟುಂಬಗಳಿಂದ ನಗರದ ಹೊಲಿಗೆ ವೃತ್ತಿ ಬೇರೂರಿತೆಂದು ಆ ವೃತ್ತಿಯವರು ಹೇಳುವರು. ಅದೇ ಮುಂದೆ ಜೀನ್ಸ್ ಉದ್ಯಮವಾಯಿತು. ಒಂದು ಕಡೆ ಕತ್ತರಿಸಿ, ಮತ್ತೊಂದು ಕಡೆ ಹೊಲಿದು, ಬೇರೊಂದು ಕಡೆ ತೊಳೆಯುವ ಈ ಉದ್ಯಮ ದೊಡ್ಡ ಗಿರಣಿಗಳದ್ದಲ್ಲ. ಬಹುಮಟ್ಟಿಗೆ ಓಣಿಗಳ ಸಣ್ಣ ಮಾಲೀಕರದು. ಬಳ್ಳಾರಿಯ ಜೀನ್ಸ್ ಹೊರರಾಜ್ಯಗಳಲ್ಲಿ ಮಾರಾಟವಾಗುವುದಾದರೂ, ತೊಡುವವನಿಗೆ ಅದರ ತವರು ತಿಳಿದಿರುವುದು ಅಪರೂಪ.

ಸಿರುಗುಪ್ಪದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಇಲ್ಲಿಯ ನೀರಾವರಿಯ ಹಿರಿಮೆ ತುಂಗಭದ್ರಾ ಜಲಾಶಯದಿಂದಲೇ ಪ್ರಾರಂಭವಾದುದಲ್ಲ. ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ವಿಜಯನಗರ ಕಾಲುವೆಗಳ ಗುಂಪಿಗೆ ಸೇರಿದುವು. ಇದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಿಂದ ನವಶಿಲಾಯುಗದ ವಸತಿಗಳು ಬೆಳಕಿಗೆ ಬಂದುವು. ಇಷ್ಟು ಪ್ರಾಚೀನವಾದ ನೆಲದ ಭತ್ತ ಅಕ್ಕಿಯಾಗಿ ಹೊರಟಾಗ ಚೀಲದ ಮೇಲೆ ಸೋನಾಮಸೂರಿಯೆಂಬ ತಳಿಯ ಹೆಸರಿರುವುದು, ಊರಿನ ಹೆಸರು ಜನರ ಬಾಯಲ್ಲಿರದು. ಈ ಭಾಗದ ಒಣಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಸಾಗಿ, ಆ ಮಾರುಕಟ್ಟೆಯ ಸರಕೆನಿಸುವುದು. ಇದರಲ್ಲಿ ಬ್ಯಾಡಗಿಯವರ ದೋಷವೇನೂ ಇಲ್ಲ. ವರ್ತಕರು, ಉಗ್ರಾಣಗಳು, ನಂಬಿಕೆಯ ವ್ಯವಹಾರ ಇವೆಲ್ಲ ಸೇರಿ ಒಂದು ಊರಿಗೆ ಹೆಸರು ತರುವುವು. ಹೆಸರೆಂಬುದು ಹೊಲದಲ್ಲಿ ಬೆಳೆಯುವುದಲ್ಲ, ಮಾರುಕಟ್ಟೆಯಲ್ಲಿ ಗಳಿಸಬೇಕಾದುದು.

ಹಾಗೆ ಗಳಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ತಾಂಡಾದ ಹೆಣ್ಣುಮಕ್ಕಳು ತಮಗಾಗಿ ಹಾಕಿಕೊಳ್ಳುತ್ತಿದ್ದ ಕಸೂತಿ, ಊರಿನ ಹೆಸರಿನೊಡನೆ ಜೀವನೋಪಾಯವೂ ಆಯಿತು. ಕಲೆ ಉಳಿದುದರಿಂದ ಉದ್ಯಮ ಬಂದಿತು. ಉದ್ಯಮ ಬಂದುದರಿಂದ ಕಲೆ ಉಳಿಯಿತು.

2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದಾಗ ಹಂಪೆಯು ಬಳ್ಳಾರಿ ಜಿಲ್ಲೆಯಿಂದ ಹೊರಗಾಯಿತು. ಹಂಪೆಯ ಪ್ರಭೆಯಲ್ಲಿ ಇದುವರೆಗೆ ಮಸುಕಾಗಿದ್ದ ಸಂಗನಕಲ್ಲು, ಕುರುಗೋಡು, ತೆಕ್ಕಲಕೋಟೆಗಳ ಕಡೆಗೆ ನಾವು ತಿರುಗಿ ನೋಡಲು ಇದು ಸುಸಮಯ. ಆದರೆ ಕೇವಲ ಫಲಕಗಳನ್ನು ನೆಟ್ಟರೆ ಪರಂಪರೆ ಉಳಿಯದು. ಗಣಿಯ ಕೂಲಿಯನ್ನೇ ನಂಬಿದ ಮನೆಗೆ ಬೆಟ್ಟವನ್ನು ಉಳಿಸೆಂದು ಉಪದೇಶಿಸಿದರೆ ಸಾಲದು. ಬೆಟ್ಟ ಉಳಿದರೆ ತನಗೂ ಅನ್ನವುಂಟೆಂದು ಆ ಮನೆಗೆ ತೋರಬೇಕು.

ಈ ಕಾರ್ಯದಲ್ಲಿ ಕಾಲೇಜುಗಳ ಪಾತ್ರ ಸಣ್ಣದಲ್ಲ. ಹಳೆಯ ದರ್ಜಿಗಳ ನೆನಪುಗಳು, ಅಕ್ಕಿ ಗಿರಣಿಗಳ ಲೆಕ್ಕದ ಪುಸ್ತಕಗಳು, ಸಂತೆ ಕೂಡುವ ಊರು ಮತ್ತು ದಿನ, ಜಾತ್ರೆಯ ಅಂಗಡಿಗಳ ವಿವರ, ಇವುಗಳನ್ನು ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರುಗಳಲ್ಲಿ ಬರೆದಿಡಬಹುದು. ಶಾಸನ ಬರೆಯಿಸಿದವರು ತಮ್ಮ ಕಾಲದ ಸಂತೆಯ ಲೆಕ್ಕವನ್ನು ಕಲ್ಲಿನಲ್ಲಿ ಉಳಿಸಿದರು. ನಮ್ಮ ಕಾಲದ ಲೆಕ್ಕವನ್ನು ಕಾಗದದಲ್ಲಾದರೂ ಉಳಿಸುವುದು ನಮ್ಮ ಕರ್ತವ್ಯ.