ಮುಟ್ಟಿದ ಕಾಯಿ, ಎತ್ತದ ಕೈ

ಚೆನ್ನೈನಲ್ಲಿದ್ದು ಮಕ್ಕಳನ್ನು ಚೆಸ್‌ನಿಂದ ದೂರ ಇಡುವುದು ಕಷ್ಟ. ಆನಂದ್ ಊರು, ಗುಕೇಶ್ ಊರು. 2022ರ ಒಲಿಂಪಿಯಾಡ್ ನಡೆದ ಮಾಮಲ್ಲಪುರಂ ಕೂಡ ಪಕ್ಕದಲ್ಲೇ. ನಾವು ಮಾಧವರಂಗೆ ಬಂದ ಮರುವರ್ಷವೇ ಒಂಬತ್ತು ವರ್ಷದ ಮಗಳು ಭಾನುವಾರದ ಟೂರ್ನಿಗಳಿಗೆ ಹೋಗತೊಡಗಿದಳು. ಮಕ್ಕಳು ಒಳಗೆ, ನಾವು ಅಪ್ಪ-ಅಮ್ಮಂದಿರು ಗೇಟಿನ ಹೊರಗೆ ಬೇವಿನ ಮರದ ಕೆಳಗೆ.

ಆ ದಿನ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಎದುರಿನ ಹುಡುಗ ಒಂಟೆಯನ್ನು ಎತ್ತಿ, ಒಂದು ಕ್ಷಣ ಯೋಚಿಸಿ, ವಾಪಸ್ ಇಟ್ಟು ಬೇರೆ ಕಾಯಿ ನಡೆಸಿದನಂತೆ. ಒಂಟೆ ಸರಿದಿದ್ದರೆ ಅದರ ಹಿಂದಿದ್ದ ರಾಣಿ ಇವಳ ಆನೆಯ ಬಾಯಿಗೆ ಬೀಳುತ್ತಿತ್ತು.

‘ಕೈ ಎತ್ತಿ ಆರ್ಬಿಟರನ್ನು ಕರೀಬೇಕಿತ್ತಲ್ಲ ಪುಟ್ಟಿ?’

‘ತಮಿಳಲ್ಲಿ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ ಅಪ್ಪ. ಗಡಿಯಾರ ಓಡ್ತಿತ್ತು. ಆಡಿಬಿಟ್ಟೆ.’

ಅಲ್ಲಿಗೆ ಮುಗಿಯಿತು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಎದುರಾಳಿಯ ಕಾಯಿ ಮುಟ್ಟಿದರೆ ಸಾಧ್ಯವಿದ್ದಲ್ಲಿ ಅದನ್ನೇ ಹೊಡೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮಗಳ ನಾಲ್ಕನೇ ವಿಧಿಯಲ್ಲಿ ಇನ್ನೊಂದು ಮಾತಿದೆ: ಎದುರಾಳಿಯ ತಪ್ಪಿನ ಬಗ್ಗೆ ದೂರುವ ಹಕ್ಕು, ನೀವು ನಿಮ್ಮ ಕಾಯಿಯನ್ನು ಬೇಕೆಂದೇ ಮುಟ್ಟುವ ತನಕ ಮಾತ್ರ. ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಲು ಅವಕಾಶವಿದೆ, ಅದರಲ್ಲಿ ಸಂಕೋಚ ಬೇಕಿಲ್ಲ. ಸಂಕೋಚ ಬೇಡ ಎಂದು ನಾವು ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ನಿಯಮ ಬಹಳ ಸೂಕ್ಷ್ಮ. ಒಂದು ನಡೆಗೆ ಒಂದೇ ಕೈ. ಕ್ಯಾಸಲಿಂಗ್‌ನಲ್ಲೂ ಅಷ್ಟೇ, ಮೊದಲು ರಾಜ, ಆಮೇಲೆ ಆನೆ. ಗಡಿಯಾರ ಒತ್ತುವುದೂ ಅದೇ ಕೈಯಿಂದ. ಓರೆಯಾದ ಕಾಯಿಯನ್ನು ನೇರ ಮಾಡಬೇಕಾದರೆ ನಿಮ್ಮ ಸರದಿಯಲ್ಲೇ, ಅದೂ ಮುಟ್ಟುವ ಮೊದಲೇ, ‘ಸರಿಪಡಿಸುತ್ತೇನೆ’ ಎಂದು ಹೇಳಬೇಕು. ಫ್ರೆಂಚಿನ ‘ಜಾದೂಬ್’ ಎಂಬ ಮಾತು ಬಂದಿರುವುದು ಇದಕ್ಕೇ. ಮುಟ್ಟಿದ ಮೇಲೆ ಹೇಳಿದರೆ ಉಪಯೋಗವಿಲ್ಲ. 2016ರಲ್ಲಿ ಮಾಸ್ಕೋದ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಹಿಕಾರು ನಕಮುರ ರಾಜನನ್ನು ಮುಟ್ಟಿ, ಆಮೇಲೆ ‘ಜಾದೂಬ್’ ಎಂದರು. ಎದುರಿದ್ದ ಲೆವೊನ್ ಅರೋನಿಯನ್ ಅಲ್ಲೇ ಆಕ್ಷೇಪ ಎತ್ತಿದರು. ನಕಮುರ ರಾಜನನ್ನೇ ನಡೆಸಬೇಕಾಯಿತು, ಆಟವನ್ನೂ ಸೋತರು.

ಅರೋನಿಯನ್ ಬಾಯಿ ಬಿಟ್ಟರು. ಎಲ್ಲರಿಗೂ ಅದು ಆಗುವುದಿಲ್ಲ. 1994, ಸ್ಪೇನಿನ ಲಿನಾರೆಸ್. ಆಗಿನ ಚೆಸ್ ಲೋಕದ ದೊರೆ ಗ್ಯಾರಿ ಕಾಸ್ಪರೋವ್ ಎದುರು 17 ವರ್ಷದ ಜೂಡಿಟ್ ಪೋಲ್ಗಾರ್. ಕಾಸ್ಪರೋವ್ ಕುದುರೆಯನ್ನು ಒಂದು ಮನೆಯಲ್ಲಿಟ್ಟು ಬೆರಳು ತೆಗೆದರು, ತಪ್ಪು ಹೊಳೆಯಿತು, ಎತ್ತಿ ಬೇರೆ ಮನೆಗೆ ಇಟ್ಟರು. ಬೆರಳು ಬಿಟ್ಟಿದ್ದು ಕಾಲು ಸೆಕೆಂಡಿನಷ್ಟು ಹೊತ್ತು, ಟಿವಿ ಕ್ಯಾಮೆರಾದಲ್ಲಿ ಅದು ಸೆರೆಯಾಗಿತ್ತು. ಪೋಲ್ಗಾರ್ ಆ ಹೊತ್ತಿನಲ್ಲಿ ದೂರು ಕೊಡಲಿಲ್ಲ. ಅಷ್ಟು ದೊಡ್ಡ ಟೂರ್ನಿಗೆ ಮೊದಲ ಸಲ ಕರೆದಿದ್ದಾರೆ, ಅಲ್ಲಿ ರಂಪ ಮಾಡುವುದು ಬೇಡ ಎನಿಸಿತ್ತು ಆಕೆಗೆ. ಆಟ ಸೋತರು. ಕಾಸ್ಪರೋವ್ ವಿರುದ್ಧ ಗೆಲ್ಲಲು 2002ರ ತನಕ ಕಾಯಬೇಕಾಯಿತು.

ಹೊಸಬರು ಸುಮ್ಮನಿರುವುದು ನನಗೆ ಚೆನ್ನಾಗಿ ಗೊತ್ತು. ಆಫೀಸಿನ ಮೀಟಿಂಗ್‌ಗಳಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ವಿಷಯವೇ ದಾಟಿಹೋಗಿರುತ್ತಿತ್ತು. ಅದು ಮಗಳಿಗೂ ಬರುತ್ತದೆಂದು ಎಣಿಸಿರಲಿಲ್ಲ. ಹುಡುಗನ ಮೇಲೆ ನನಗೇನೂ ಕೋಪವಿಲ್ಲ. ಆ ವಯಸ್ಸಿನಲ್ಲಿ ಕೈ ಮನಸ್ಸಿಗಿಂತ ಮುಂದೆ ಓಡುತ್ತದೆ.

ಕೆಳಗಿನ ಮನೆಯ ಅಕ್ಕ ಒಂದು ವಾಕ್ಯ ಕಲಿಸಿದರು: ‘ಸಾರ್, ತೊಟ್ಟುಟ್ಟಾನ್.’ ಸಾರ್, ಮುಟ್ಟಿಬಿಟ್ಟ. ವಾರವಿಡೀ ಮನೆಯಲ್ಲಿ ಅದೇ ಪಾಠ. ತಟ್ಟೆಯಿಂದ ನಾನು ಎರಡು ದೋಸೆ ಮುಟ್ಟಿದರೂ ‘ತೊಟ್ಟುಟ್ಟಾನ್!’

ಮುಂದಿನ ಟೂರ್ನಿಯಲ್ಲಿ ಸಿಕ್ಕಿಬಿದ್ದವಳು ಇವಳೇ. ರಾಜನನ್ನು ಮುಟ್ಟಿ ಪದಾತಿ ಕಡೆ ಕೈ ಹಾಕಿದಳಂತೆ. ಎದುರಿನ ಹುಡುಗಿ ತಕ್ಷಣ ಕೈ ಎತ್ತಿದಳು. ಆರ್ಬಿಟರ್ ಬಂದು ಕೇಳಿದಾಗ ಇವಳು ಹೌದೆಂದು ರಾಜನನ್ನೇ ನಡೆಸಿದಳು. ಆಟ ಹೇಗೋ ಡ್ರಾ ಆಯಿತು.

ಸ್ಕೂಟರಿನಲ್ಲಿ ರೆಟ್ಟೇರಿ ಸಿಗ್ನಲ್ ತನಕ ಮಾತಿಲ್ಲ. ಆಮೇಲೆ ಹಿಂದಿನಿಂದ ಕೇಳಿತು: ‘ಅಪ್ಪ, ಅವಳು ತಮಿಳಲ್ಲಿ ಹೇಳ್ಲೇ ಇಲ್ಲ. ಬರೀ ಟಚ್ ಮೂವ್ ಅಂದಳು.’